ಎತ್ತಿಕೊಡುತ್ತಿದ್ದ ಮೇಷ್ಟ್ರು

ಮೇಷ್ಟ್ರು ಹೋದ ಸುದ್ದಿ ನನಗೆ ತಿಳಿದದ್ದು ತಿಥಿಯೂ ಮುಗಿದ ಮೇಲೆ. ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಶ್ರೀರಂಗಪಟ್ಟಣದ ಬಸ್ಸಿಗೆ ಕಾಯುತ್ತಿದ್ದೆ. ಕೆ.ಆರ್. ಪೇಟೆ ಬಸ್ಸಿನಿಂದ ಇಳಿದ ಪರಿಚಯದ ತಬಲದವರೊಬ್ಬರು ನನ್ನನ್ನು ಕಂಡು ಹತ್ತಿರ ಬಂದು, "ಏನ್ ಸಾ, ತಿಥಿಗೂ ಬರ್ಲಿಲ್ವಲ್ಲ ನೀವು?" ಎಂದರು. ಯಾರ ತಿಥಿ ಎಂದು ಕೇಳಿದೆ. "ಅಯ್ಯೋ, ನಿಮ್ಗೇ ಯಾರೂ ಏಳ್ಲಿಲ್ವಾ? ನಮ್ ಮೇಷ್ಟ್ರುದು ಕಣ್ ಸಾ" ಎಂದು ಅವರು ನನ್ನ ಮುಖವನ್ನೇ ನೋಡುತ್ತಾ ನಿಂತರು. ಅಷ್ಟರಲ್ಲಿ ನನ್ನ ಬಸ್ಸು ಬಂತು, ಹತ್ತಿದೆ. ಆಫೀಸಿಗೆ ಹೋಗಿ ಹಾಜರಿಗೆ ಸಹಿ ಹಾಕಿದೆ. ಮಧ್ಯಾಹ್ನದವರೆಗೆ ಎದುರಿಗಿದ್ದ ಫೈಲು ಯಾವುದೆಂದೇ ಗೊತ್ತಾಗಲಿಲ್ಲ. ನನಗೆ ಹೇಳಿ ಕಳಿಸದಿದ್ದದ್ದು ಅವರ ಮನೆಯವರ ಮರೆವಲ್ಲ. ಅದು ನನ್ನದೇ ಸಂಪಾದನೆ. ಎರಡು ವರ್ಷದಿಂದ ನಾನು ಆ ಕಡೆ ತಲೆ ಹಾಕಿರಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ ಈ ಮೂರೂ ತಾಲ್ಲೂಕಿನ ನಾಟಕದ ಹುಚ್ಚಿನವರೆಲ್ಲ "ಓ, ಅವರಾ" ಎನ್ನುತ್ತಾರೆ. ಕೊನೆಗಾಲದಲ್ಲಿ ಆ ಹೆಸರಿಗೆ ಸ್ವಲ್ಪ ಮಸಿ ಹತ್ತಿತು. ಹಚ್ಚಿದ ಕೈ ನನ್ನದು. ಅದನ್ನು ಹೇಳಿಕೊಳ್ಳಲು ಕೂತಿರುವ ನಾನು ಮತ್ತೆ ಅವರ ಹೆಸರನ್ನೇ ಎಳೆದು ತರುವುದು ಸರಿಯಲ್ಲ.

ನಮ್ಮ ಕಡೆ ಪೌರಾಣಿಕ ನಾಟಕವೆಂದರೆ ಊರಿನವರೇ ಆಡುವುದು. ಹಾಲಿನ ಡೈರಿಯ ಸೆಕ್ರೆಟರಿ ಚಕ್ರವರ್ತಿಯಾಗುತ್ತಾನೆ, ಹಿಟ್ಟಿನ ಗಿರಣಿಯವನು ಗದೆ ಹೊರುತ್ತಾನೆ. ಸಂಗೀತ ಯಾರಿಗೂ ಬರುವುದಿಲ್ಲ, ಆಸೆ ಮಾತ್ರ ಬೆಟ್ಟದಷ್ಟಿರುತ್ತದೆ. ಆ ಆಸೆಯನ್ನು ದಡ ಮುಟ್ಟಿಸುವವರು ಹಾರ್ಮೋನಿಯಂ ಮೇಷ್ಟ್ರು. ಊರಿನ ಹಿರಿಯರು ಬಂದು ತಟ್ಟೆಯಲ್ಲಿ ವೀಳ್ಯ ಇಟ್ಟುಕೊಡುತ್ತಾರೆ. ಮೇಷ್ಟ್ರು ವೀಳ್ಯ ತೆಗೆದುಕೊಂಡರೆಂದರೆ ಮುಗಿಯಿತು, ನಾಟಕ ರಂಗ ಏರುವ ತನಕ ಆ ಊರು ಅವರ ಹೊಣೆ. ಮಗಳ ಮದುವೆಯಿರಲಿ, ಮೈಗೆ ಜ್ವರ ಬರಲಿ, ಪಾಠಕ್ಕೆ ಹೋಗಲೇಬೇಕು. ನಮ್ಮ ಮೇಷ್ಟ್ರು ಇಂಥ ಎಷ್ಟು ವೀಳ್ಯ ತೆಗೆದುಕೊಂಡಿದ್ದರೋ ಅವರಿಗೇ ಲೆಕ್ಕವಿರಲಿಲ್ಲ.

ಕುಳ್ಳಗಿನ ಆಳು. ಮೇಲುಕೋಟೆ ಪಂಚೆ, ತೋಳು ಮಡಿಸಿದ ಬಿಳಿ ಷರ್ಟು, ಎಡಗೆನ್ನೆಯಲ್ಲಿ ಸದಾ ಎಲೆ ಅಡಿಕೆ, ಕಡ್ಡಿಪುಡಿ. ಹಾರ್ಮೋನಿಯಂ ಪೆಟ್ಟಿಗೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಬಸ್ಸು ಹತ್ತುತ್ತಿದ್ದರು. ಒಮ್ಮೆ ಕಂಡಕ್ಟರು ಅದಕ್ಕೆ ಲಗೇಜು ಚೀಟಿ ಹರಿಯಲು ಹೋದಾಗ, "ಲಗೇಜಲ್ಲ ಕಣ್ಲಾ ಇದು, ನನ್ ಸಂಸಾರ" ಎಂದರಂತೆ. ಕಂಡಕ್ಟರೂ ನಮ್ಮ ಕಡೆಯವನೇ. "ಸಂಸಾರ ಅಂದ್ರೆ ಫುಲ್ ಟಿಕೀಟಾಯ್ತದೆ ಮೇಷ್ಟ್ರೇ" ಎಂದ. ಮೇಷ್ಟ್ರು ಫುಲ್ ಟಿಕೆಟ್ಟನ್ನೇ ತೆಗೆದುಕೊಂಡು, ಪೆಟ್ಟಿಗೆಯನ್ನು ಕಿಟಕಿ ಪಕ್ಕದ ಸೀಟಿನ ಮೇಲೆ ಕೂರಿಸಿ, ತಾವು ಅದರ ಪಕ್ಕ ಕೂತು ಚಿನಕುರಳಿಯ ತನಕ ನಿಂತವರ ಮೇಲೆಲ್ಲ ರೇಗುತ್ತಾ ಬಂದರು.

ಪಾತ್ರಕ್ಕೆ ಬಂದವನಿಗೆ ಮೊದಲ ದಿನ ಅವರು ಹಾಡು ಎನ್ನುತ್ತಿರಲಿಲ್ಲ. "ನಿಮ್ ಮನೇಲಿ ಎಮ್ಮೆ ಅದಾ?" ಎಂದು ಕೇಳುತ್ತಿದ್ದರು. ಇದೆ ಎಂದರೆ, "ಅದು ಆಚೆ ಗದ್ದೇಲಿ ಮೇಯ್ತಾ ಅದೆ ಅನ್ಕೊ. ಕರಿ ಈಗ." ಅವನು ನಾಚಿಕೊಂಡು ಮೆಲ್ಲಗೆ ಕರೆದರೆ, "ಆ ಎಮ್ಮೆ ಇವತ್ ಮನೆಗ್ ಬರಾಕಿಲ್ಲ ಬುಡು" ಎಂದು ಎಲೆಗೆ ಸುಣ್ಣ ಸವರುತ್ತಾ ಕಾಯುತ್ತಿದ್ದರು. ಅವನು ರೇಗಿ ಗಂಟಲು ಬಿಟ್ಟು ಕರೆದ ಗಳಿಗೆಗೆ ಸರಿಯಾಗಿ ಹಾರ್ಮೋನಿಯಂನ ಒಂದು ಮನೆಯನ್ನು, ಅಂದರೆ ಕೀಲಿಯನ್ನು, ಒತ್ತಿ ಹಿಡಿದು, "ಇದು ನಿನ್ ಶ್ರುತಿ. ನಾನ್ ಕೊಟ್ಟಿದ್ದಲ್ಲ, ನಿಮ್ ಎಮ್ಮೆ ಕೊಟ್ಟಿದ್ದು. ಇದ್ ಬುಟ್ಟು ಆಚೆ ಓಗ್ಬ್ಯಾಡ" ಎನ್ನುತ್ತಿದ್ದರು. ಹಾಗೆ ಕೊಟ್ಟ ಶ್ರುತಿ ತಪ್ಪಿದ್ದನ್ನು ನಾನು ಕಾಣೆ.

ಅವರ ನಿಜವಾದ ವಿದ್ಯೆ ಇನ್ನೊಂದಿತ್ತು. ಹಾಡುವವನು ಒಂದು ಸಾಲು ಮುಗಿಸಿ ಉಸಿರೆಳೆದುಕೊಳ್ಳುವ ಸಂದಿನಲ್ಲಿ, ಮುಂದಿನ ಸಾಲಿನ ಮೊದಲ ಒಂದೆರಡು ಮಾತನ್ನು ಅದೇ ಶ್ರುತಿಯಲ್ಲಿ ಮೆಲ್ಲಗೆ ಹೇಳಿಬಿಡುತ್ತಿದ್ದರು. ಜನರಿಗೆ ಕೇಳಿಸುತ್ತಿರಲಿಲ್ಲ, ಪಾತ್ರಧಾರಿಯ ಕಿವಿಗೆ ಮಾತ್ರ ಬೀಳುತ್ತಿತ್ತು. ಇದನ್ನು ಅವರು "ಎತ್ಕೊಡಾದು" ಎನ್ನುತ್ತಿದ್ದರು. ಮೂಟೆ ಹೊರುವವನಿಗೆ ಇನ್ನೊಬ್ಬರು ಕೈಕೊಟ್ಟು ಹೆಗಲಿಗೆ ಏರಿಸುತ್ತಾರಲ್ಲ, ಹಾಗೆ. ಬೇರೆ ಮೇಷ್ಟ್ರುಗಳೂ ಎತ್ತಿಕೊಡುತ್ತಾರೆ, ಆದರೆ ಪಾತ್ರಧಾರಿ ತಡವರಿಸಿದ ಮೇಲೆ. ಇವರು ಅವನು ಮರೆಯುವುದಕ್ಕೂ ಮುಂಚೆ ಕೊಡುತ್ತಿದ್ದರು. ಯಾರು ಎಲ್ಲಿ ಮರೆಯುತ್ತಾರೆಂಬುದು ಅವರಿಗೆ ಮೊದಲೇ ಗೊತ್ತಿರುತ್ತಿತ್ತು.

ನನಗೆ ಅವರ ಪರಿಚಯವಾದದ್ದೂ ಇದರಿಂದಲೇ. ನಾನು ಶ್ರೀರಂಗಪಟ್ಟಣದಲ್ಲಿ ಸರ್ಕಾರಿ ಗುಮಾಸ್ತ, ಮನೆ ಪಾಂಡವಪುರದಲ್ಲಿ. ಒಂದು ವರ್ಷ ಆಫೀಸಿನವರೆಲ್ಲ ಸೇರಿ ರಾಜ್ಯೋತ್ಸವಕ್ಕೆ ನಾಟಕ ಕಟ್ಟಿದೆವು, ಹಾರ್ಮೋನಿಯಂ ನುಡಿಸಲು ಆ ರಾತ್ರಿಗಷ್ಟೇ ಮೇಷ್ಟ್ರನ್ನು ಕರೆಸಿದೆವು. ನನಗೆ ಮಂತ್ರಿಯ ಪಾತ್ರ, ಒಂದೇ ಒಂದು ಪದ್ಯ. ಅದನ್ನೂ ಅರ್ಧಕ್ಕೆ ಮರೆತೆ. ಜನರ ಕಡೆ ನೋಡುತ್ತಾ ನಿಂತೆ. ಹಾರ್ಮೋನಿಯಂ ಕಡೆಯಿಂದ ಎರಡು ಮಾತು ಬಂದು ಕಿವಿಗೆ ಬಿತ್ತು, ಉಳಿದದ್ದು ತಾನಾಗಿ ಹೊರಟಿತು. ಆಮೇಲೆ ಪರದೆಯ ಹಿಂದೆ ಬಣ್ಣ ಒರೆಸಿಕೊಳ್ಳುತ್ತಿದ್ದ ನನ್ನ ಬೆನ್ನಿಗೆ ಗುದ್ದಿ, "ಮರ್ಯಾದು ತೆಪ್ಪಲ್ಲ ಕಣ್ಲಾ. ಮರ್ತು ಸುಮ್ಕೆ ನಿಂತ್ಕತೀಯಲ್ಲ, ಅದು ತೆಪ್ಪು. ನನ್ ಕಡೆ ನೋಡು. ಇಲ್ಲ್ಯಾಕ್ ಕೂತಿವ್ನಿ ನಾನು?" ಎಂದರು. ಅಂದಿನಿಂದ ಪಾಂಡವಪುರದಲ್ಲಿ ಬಸ್ಸು ಬದಲಾಯಿಸುವಾಗಲೆಲ್ಲ ನಮ್ಮ ಮನೆಗೆ ಬಂದು ಕಾಫಿ ಕುಡಿದು ಹೋಗುತ್ತಿದ್ದರು.

ಆ ದಿನಗಳಲ್ಲಿ ನನಗೆ ಬೇರೊಂದು ಹುಚ್ಚು ಹತ್ತಿತ್ತು. ಮನೆಯಲ್ಲೇ ಹಾಡು ರೆಕಾರ್ಡು ಮಾಡುವುದು. ಕಂಪ್ಯೂಟರೆಂದರೆ ಟಿವಿಯ ತಮ್ಮ ಎಂದು ಜನ ತಿಳಿದಿದ್ದ ಕಾಲ. ಬೆಂಗಳೂರಿನಿಂದ ಬಿಡಿ ಸಾಮಾನು ತಂದು ಒಂದನ್ನು ಜೋಡಿಸಿಕೊಂಡೆ, ಅದಕ್ಕೊಂದು ಸೌಂಡ್ ಕಾರ್ಡು ಸಿಕ್ಕಿಸಿದೆ. ಸ್ನೇಹಿತನೊಬ್ಬ ಕಾಪಿ ಮಾಡಿಕೊಟ್ಟ ಸಿ.ಡಿ.ಯಲ್ಲಿ ಮೂರು ಸಾಫ್ಟ್‌ವೇರ್ ಇದ್ದವು. ಒಂದು ಬರೀ ಟೇಪ್‌ರೆಕಾರ್ಡರಿನ ಹಾಗೆ, ಒತ್ತಿದರೆ ಹಿಡಿಯುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಇನ್ನೊಂದರಲ್ಲಿ ಹಾಡು, ತಬಲ, ಹಾರ್ಮೋನಿಯಂ ಎಲ್ಲವನ್ನೂ ಬೇರೆಬೇರೆ ಸಾಲಿನಲ್ಲಿ ಇಟ್ಟುಕೊಳ್ಳಬಹುದು. ಮೂರನೆಯದಕ್ಕೆ ನಾನು ಮಾರುಹೋದೆ. ಅದು ಬೇಡದ ಸದ್ದನ್ನು ಒರೆಸುತ್ತಿತ್ತು. ಫ್ಯಾನಿನ ಗೊರಗೊರವನ್ನು ಒಂದು ಚೂರು ತೋರಿಸಿದರೆ ಸಾಕು, ಉದ್ದಕ್ಕೂ ಹುಡುಕಿ ತೆಗೆದುಹಾಕುತ್ತಿತ್ತು. ಮೊದಲನೆಯದೇ ನನ್ನಂಥವನಿಗೆ ಸಾಕಾಗಿತ್ತು ಎಂದು ಈಗ ಹೇಳಬಲ್ಲೆ. ಆಗ ಯಾರಾದರೂ ಹೇಳಿದ್ದರೆ ಜಗಳಕ್ಕೆ ಹೋಗುತ್ತಿದ್ದೆ.

ಒಂದು ದಿನ ಮೇಷ್ಟ್ರು ಬಂದವರು ಕಾಫಿ ಬೇಡ ಎಂದರು. ಎಲೆಚೀಲವೂ ಕೈಯಲ್ಲಿರಲಿಲ್ಲ. ದನಿ ಹೊಟ್ಟು ತುಂಬಿದ ಹಾಗೆ ಬರುತ್ತಿತ್ತು.

"ಗಂಟ್ಲಲ್ಲಿ ಗಂಟಂತೆ ಕಣಪ್ಪ. ಮಾತಿನ್ ಪೆಟ್ಟಿಗೇನೇ ತೆಗೀಬೇಕು ಅಂದ್ರು ಮೈಸೂರ್ ಡಾಕ್ಟ್ರು. ತೆಗುದ್ಮೇಲೆ ದನಿ ಬರಾಕಿಲ್ವಂತೆ."

ನಾನು ಕುರ್ಚಿ ಎಳೆದು ಅವರನ್ನು ಕೂರಿಸಿದೆ. ಅವರೇ ನಕ್ಕು, "ಎರಡ್ ಪೆಟ್ಟಿಗೆ ಮಡಿಕ್ಕೊಂಡಿದ್ದೆ, ಒಂದು ಓಯ್ತದೆ, ಇನ್ನೊಂದದೆ ಬುಡು" ಎಂದರು. ಆಮೇಲೆ ಬಂದ ಕೆಲಸ ಹೇಳಿದರು. ನಾಗಮಂಗಲದ ಕಡೆಯ ಒಂದು ಊರಿನಿಂದ ವೀಳ್ಯ ತೆಗೆದುಕೊಂಡಾಗಿತ್ತು. ಪಾತ್ರ ಹಂಚಿ, ಎಮ್ಮೆ ಕರೆಸಿ, ಶ್ರುತಿ ಕೊಟ್ಟಾಗಿತ್ತು. ಅಲ್ಲೂ ಗದೆ ಗಿರಣಿಯವನಿಗೆ, ಕಿರೀಟ ಡೈರಿಯ ಸೆಕ್ರೆಟರಿಗೆ, ಇಬ್ಬರೂ ಹಿಂದೆ ಅವರ ಕೈಯಲ್ಲೇ ಕಲಿತವರು. ಪಾಠ ಶುರುವಾಗಬೇಕು ಎನ್ನುವಷ್ಟರಲ್ಲಿ ಹೀಗಾಯಿತು. ಆಪರೇಷನ್ನಿಗೆ ಇನ್ನು ಮೂರೇ ವಾರ.

"ವೀಳ್ಯ ವಾಪಸ್ ಕೊಟ್ಟೋನಲ್ಲ ನಾನು. ನನ್ ಪಾಠನೆಲ್ಲ ನಿನ್ ಕಂಪೂಟ್ರಲ್ಲಿ ತುಂಬ್ಕೊಡು. ಕ್ಯಾಸೆಟ್ ಆಕ್ಕೊಂಡು ಅವ್ರು ಕಲೀಲಿ. ನಾನ್ ಪಕ್ದಲ್ ಕೂತು ಪೆಟ್ಟಿಗೆ ನುಡುಸ್ತೀನಿ. ಆ ಕ್ಯಾಸೆಟ್ಟು ನಂಗೆ ಬಾಯಾಗ್ಲಿ."

ಅಂದರೆ ಅವರು ಕೇಳಿದ್ದು ಇಷ್ಟು: ಇನ್ನು ಮೂರು ವಾರಕ್ಕೆ ಹೋಗುವ ದನಿಯನ್ನು ಜೋಪಾನವಾಗಿಡು, ಅದು ಇನ್ನೊಂದು ನಾಟಕಕ್ಕೆ ಬೇಕು. ನಾನು ಒಪ್ಪಿಕೊಂಡೆ. ನನಗೆ ಒಳಗೊಳಗೇ ಖುಷಿಯೂ ಆಗಿತ್ತು. ಈ ಖುಷಿಯ ಮಾತಿಗೆ ಮುಂದೆ ಬರುತ್ತೇನೆ.

ಮೈಕು ಕೊಳ್ಳಲು ಮೈಸೂರಿಗೆ ಹೊರಟಾಗ ತಾವೂ ಬರುತ್ತೇನೆಂದರು. ಅಂಗಡಿಯವರು ಎರಡನ್ನು ತೋರಿಸಿದರು. ಒಂದು ಬಾಯಿಯ ಮುಂದೆ ಇದ್ದರಷ್ಟೇ ಹಿಡಿಯುತ್ತದೆ, ಅಕ್ಕಪಕ್ಕದ ಸದ್ದು ಸೇರಿಸುವುದಿಲ್ಲ. ಇನ್ನೊಂದು ಸುತ್ತಲಿನದ್ದನ್ನೆಲ್ಲ ಹಿಡಿಯುತ್ತದೆ. ಎಲ್ಲರೂ ಮೈಕಿನ ಮುಂದೆ ಹಲೋ ಹಲೋ ಎನ್ನುತ್ತಾರೆ. ಮೇಷ್ಟ್ರು ಹಾಗೆ ಮಾಡಲಿಲ್ಲ. ನನ್ನ ಕಿವಿಗೆ ಹೆಡ್‌ಫೋನ್ ಹಾಕಿಸಿ, ತಾವು ಬಾಗಿಲ ತನಕ ಹೋಗಿ, ರಸ್ತೆಯ ಕಡೆಗೆ ಮುಖ ಮಾಡಿ ಏನೋ ಒಂದೆರಡು ಮಾತು ಮೆಲ್ಲಗೆ ಹೇಳಿದರು. ಮೊದಲನೆಯದರಲ್ಲಿ ಏನೂ ಕೇಳಲಿಲ್ಲ. ಎರಡನೆಯದರಲ್ಲಿ ಕೇಳಿತು.

"ಇದೇ ತಕಾ" ಎಂದರು.

"ಮೇಷ್ಟ್ರೇ, ಇದು ರಸ್ತೆಯ ಆಟೋ ಸದ್ದನ್ನೂ ಹಿಡಿಯುತ್ತೆ."

"ಇಡೀಲಿ ಬುಡು. ಆಟೋ ಓಡಾಡೋ ಊರಲ್ಲೇ ತಾನೆ ನಾಟ್ಕ ಆಡಾದು?"

ಅಂಗಡಿಯವರು ನನ್ನ ಮುಖ ನೋಡಿ ನಕ್ಕರು. ನಾನೂ ನಕ್ಕು, ಮೊದಲನೆಯದನ್ನೇ ಕಟ್ಟಿಸಿಕೊಂಡೆ. ಹಳ್ಳಿಯ ಮೇಷ್ಟ್ರಿಗೆ ಮೈಕಿನ ವಿಷಯ ಏನು ಗೊತ್ತು ಎಂಬ ಭಾವ ಆ ನಗೆಯಲ್ಲಿತ್ತು. ಅವರಿಗೆ ಅದು ಕಾಣದೆ ಇರಲಿಲ್ಲ. "ನಿನ್ ಇಷ್ಟ. ಯಂತ್ರ ನಿಂದು" ಎಂದು ಅಂಗಡಿಯ ಮೆಟ್ಟಿಲಿಳಿದರು.

ಮೂರು ಭಾನುವಾರ, ಬೆಳಿಗ್ಗೆಯಿಂದ ಸಂಜೆಯ ತನಕ, ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ರೆಕಾರ್ಡಿಂಗು. ಕಿಟಕಿಗೆ ಕಂಬಳಿ, ಗೋಡೆಗೆ ಕೌದಿ ಹೊಡೆದಿದ್ದೆ. ಸದ್ದು ಬರುತ್ತದೆಂದು ಫ್ಯಾನು ಹಾಕುತ್ತಿರಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ಅವರು ಕೂತಿರುತ್ತಿದ್ದರು. ಮೊದಲ ದಿನ ತಮ್ಮ ಹಳೆಯ ಟೇಪ್‌ರೆಕಾರ್ಡರನ್ನೂ ಹೊತ್ತು ತಂದಿದ್ದರು. "ಇದೂ ಒಂದ್ ಕಡೆ ಓಡ್ತಾ ಇರ್ಲಿ ಕಣಪ್ಪ" ಎಂದರು. ಅದರ ಮೋಟಾರಿನ ಸದ್ದು ಮೈಕಿಗೆ ಬರುತ್ತದೆಂದು ನಾನು ಬೇಡವೆಂದೆ. ಅದು ಮೂರು ವಾರ ನಮ್ಮ ಅಟ್ಟದ ಮೇಲೆ ಕೂತಿತ್ತು.

ಅವರ ಪಾಠ ಕೇಳಬೇಕಿತ್ತು ನೀವು. ಎದುರಿಗೆ ಯಾರೂ ಇಲ್ಲ, ಗೋಡೆಗೆ ಹೊಡೆದ ಕೌದಿ ಒಂದೇ. ಆದರೆ ಅವರು ಇಡೀ ಊರನ್ನೇ ಎದುರಿಗೆ ಕೂರಿಸಿಕೊಂಡಿದ್ದರು. "ಬಾರಪ್ಪಾ ಗಿರಣಿಯವ್ನೇ. ನೀನು ಎಲ್ಡನೇ ಸಾಲ್ಗೆ ಓಡೋಯ್ತೀಯ, ಗೊತ್ತು ನಂಗೆ. ಇಲ್ಲಿ ನಿಲ್ಲು. ಉಸ್ರು ತಕಾ." ಒಂದು ಸಾಲು ಹಾಡಿ, "ಈಗ ನೀನ್ ಏಳು" ಎಂದು ಬರೀ ಶ್ರುತಿ ಹಿಡಿದು ಕಾಯುತ್ತಿದ್ದರು. ಅಲ್ಲಿಲ್ಲದ ಗಿರಣಿಯವನು ಅಲ್ಲಿ ಹಾಡುತ್ತಿದ್ದ. ಇವರು ತಲೆಯಾಡಿಸುತ್ತಾ ಕೇಳಿ, ಅವನು ಉಸಿರೆಳೆಯುವ ಜಾಗಕ್ಕೆ ಸರಿಯಾಗಿ ಮುಂದಿನ ಮಾತು ಎತ್ತಿಕೊಡುತ್ತಿದ್ದರು. "ಎಲ್ ನೋಡ್ತೀಯಲಾ, ನನ್ ಕಡೆ ನೋಡು" ಎಂದು ಕೌದಿಯನ್ನು ಗದರುತ್ತಿದ್ದರು. ಸೆಕ್ರೆಟರಿಯ ದನಿ ಸಾಲಿನ ಕೊನೆಗೆ ಬಿದ್ದುಹೋಗುತ್ತದೆಂದು ಅವನಿಗೆ ಬೇರೆಯೇ ಪಾಠ. ನಾನು ಕೊಂಡಿದ್ದ ಮೈಕು ಬಾಯಿಯ ಮುಂದಿದ್ದರಷ್ಟೇ ಹಿಡಿಯುವಂಥದ್ದಲ್ಲವೇ? ಹಾರ್ಮೋನಿಯಂ ಮೇಲೆ ಕೈಯಿಟ್ಟುಕೊಂಡೇ, ಪ್ರತಿಸಲ ಎತ್ತಿಕೊಡುವಾಗಲೂ ಆ ನೋಯುವ ಕುತ್ತಿಗೆಯನ್ನು ಬಗ್ಗಿಸಿ ಬಗ್ಗಿಸಿ ಮೈಕಿನ ಬಾಯಿಗೆ ಬಾಯಿ ಕೊಡುತ್ತಿದ್ದರು. ನಡುನಡುವೆ ಕೆಮ್ಮು, ನೀರು, ಮತ್ತೆ ಪಾಠ.

ಮೂರನೆಯ ಭಾನುವಾರ ಸಂಜೆ ಪೆಟ್ಟಿಗೆಗೆ ಕಂಬಳಿ ಸುತ್ತುತ್ತಾ ಹೇಳಿದರು:

"ಏನೂ ತೆಗೀಬ್ಯಾಡ ಕಣಪ್ಪ ಅದ್ರಲ್ಲಿ. ಇದ್ದಂಗೇ ಇರ್ಲಿ. ಕೆಮ್ಮೂ ಇರ್ಲಿ."

"ಆಯ್ತು ಮೇಷ್ಟ್ರೇ" ಎಂದೆ.

ನಾನು ತೆಗೆದೆ. ಮೊದಲು ಫ್ಯಾಕ್ಟರಿಗೆ ಕಬ್ಬು ಸಾಗಿಸುವ ಟ್ರಾಕ್ಟರಿನ ಸದ್ದು ತೆಗೆದೆ. ಆಮೇಲೆ ಕೆಮ್ಮು ತೆಗೆದೆ. ಹಾಡು ಚೊಕ್ಕವಾದಂತೆಲ್ಲ ಮಾತು ಕಸವಾಗಿ ಕಾಣತೊಡಗಿತು. "ಉಸ್ರು ತಕಾ" ಎಂಬುದನ್ನು ತೆಗೆದೆ. ಗಿರಣಿಯವನನ್ನು ಗದರಿದ್ದು ತೆಗೆದೆ. ಶಿಷ್ಯ ತಿರುಗಿ ಹಾಡಲೆಂದು ಬಿಟ್ಟಿದ್ದ ಜಾಗವೆಲ್ಲ ನನಗೆ ಖಾಲಿ ಜಾಗ. ಅದನ್ನೂ ಕತ್ತರಿಸಿ ಸಾಲಿಗೆ ಸಾಲು ಜೋಡಿಸಿದೆ. ಎತ್ತಿಕೊಟ್ಟದ್ದು ಎರಡು ಸಲ ಹಾಡಿದ ಹಾಗೆ ಕೇಳುತ್ತದೆಂದು ಒಂದೊಂದನ್ನಾಗಿ ಹೆಕ್ಕಿ ತೆಗೆದೆ. ಮೂರು ಭಾನುವಾರದ ಪಾಠ ಎರಡು ಕ್ಯಾಸೆಟ್ಟಿನ ಹಾಡಾಯಿತು. ಮೂಲವನ್ನು ಅಳಿಸಿಬಿಟ್ಟೆ.

ಕೇಳಿದವರಿಗೆ ಹಾರ್ಡ್ ಡಿಸ್ಕಿನಲ್ಲಿ ಜಾಗ ಇರಲಿಲ್ಲ ಎನ್ನುತ್ತಿದ್ದೆ. ಜಾಗ ಇರಲಿಲ್ಲ, ಅದು ನಿಜ. ಆದರೆ ಅದು ಕಾರಣವಲ್ಲ. ಮೂಲವನ್ನು ಹತ್ತು ಹನ್ನೆರಡು ಕ್ಯಾಸೆಟ್ಟಿಗೆ ಇಳಿಸಿಟ್ಟುಕೊಳ್ಳಲು ನನಗೆ ಯಾವ ಅಡ್ಡಿಯೂ ಇರಲಿಲ್ಲ. ಮೊದಲೇ ಹೇಳಿದ ಖುಷಿ ಇದೇ: ಈ ಹಾಡುಗಳನ್ನು ಬೆಂಗಳೂರಿನ ಯಾವುದಾದರೂ ಕ್ಯಾಸೆಟ್ ಕಂಪನಿಗೆ ಕೊಟ್ಟರೆ ಅಂಗಡಿ ಅಂಗಡಿಯಲ್ಲೂ ಮಾರಾಟವಾಗುತ್ತದೆ, ಹೊದಿಕೆಯ ಮೇಲೆ ಧ್ವನಿಮುದ್ರಣ ಎಂದು ನನ್ನ ಹೆಸರು ಬರುತ್ತದೆ. ಗುಮಾಸ್ತನ ಆಸೆ. ಕಂಪನಿಯವರಿಗೆ ಗಿರಣಿಯವನ ಉಸಿರು ಯಾಕೆ ಬೇಕು? ನಾಗಮಂಗಲದ ಕಡೆಯ ಆ ಊರು ನನ್ನ ತಲೆಯಿಂದ ಪೂರ್ತಿ ಹೋಗಿಬಿಟ್ಟಿತ್ತು. ಇದನ್ನು ಇಷ್ಟು ನೇರವಾಗಿ ಈ ತನಕ ಯಾರಿಗೂ ಹೇಳಿಲ್ಲ.

ಆಪರೇಷನ್ ಆದ ಹತ್ತು ದಿನಕ್ಕೆ ಕ್ಯಾಸೆಟ್ಟುಗಳನ್ನೂ ಒಂದು ವಾಕ್‌ಮನ್ನನ್ನೂ ಹಿಡಿದು ಮೈಸೂರಿನ ಆಸ್ಪತ್ರೆಗೆ ಹೋದೆ. ಕುತ್ತಿಗೆಗೆ ಬಟ್ಟೆ ಕಟ್ಟಿತ್ತು. ಕೈಯಲ್ಲಿ ಸ್ಲೇಟು, ಬಳಪ. ಮಾತಾಡುವಾಗ ಅಪ್ಪಟ ಹಳ್ಳಿಯವರಾಗಿದ್ದ ಮೇಷ್ಟ್ರು ಬರೆಯುವಾಗ ಮಾತ್ರ ನಾಟಕದ ಭಾಷೆಗೆ ಇಳಿಯುತ್ತಿದ್ದರು. ನರ್ಸಮ್ಮನಿಗೆ "ದೇವಿ, ಜಲವನ್ನು ದಯಪಾಲಿಸು" ಎಂದು ಬರೆದು ತೋರಿಸಿ ವಾರ್ಡಿನವರನ್ನೆಲ್ಲ ನಗಿಸಿದ್ದರಂತೆ. ನನ್ನನ್ನು ಕಂಡವರೇ ಎದ್ದು ಕೂತರು. ಹೆಡ್‌ಫೋನ್ ಹಾಕಿದೆ. ಕಣ್ಣು ಮುಚ್ಚಿ ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಕೇಳಿದರು. ಮಂಚದ ಕಂಬಿಯ ಮೇಲೆ ಬೆರಳು ತಾಳ ಹಾಕುತ್ತಿತ್ತು. ಮೂರನೆಯ ಹಾಡಿಗೋ ನಾಲ್ಕನೆಯ ಹಾಡಿಗೋ ಅದು ನಿಂತಿತು. ಕೇಳಿ ಮುಗಿದ ಮೇಲೆ ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟು, ಸ್ಲೇಟಿನಲ್ಲಿ ಬರೆದರು: "ಸೊಗಸಾಗಿದೆ." ಅದನ್ನು ಒರೆಸಿ ಮತ್ತೆ ಬರೆದರು: "ಪಾಠವೆಲ್ಲಿ?"

ಆಗಲೇ ಹೇಳಿಬಿಡಬೇಕಿತ್ತು. "ಅದು ಬೇರೆ ಕ್ಯಾಸೆಟ್ಟಿಗೆ ಹಾಕ್ತಾ ಇದೀನಿ ಮೇಷ್ಟ್ರೇ, ಇನ್ನೊಂದು ವಾರ" ಎಂದೆ. ಅವರು ನನ್ನ ಮುಖ ನೋಡಿದರು. ಹಾಡುವವನ ಮುಖ ನೋಡಿ ಮುಂದಿನ ಸಾಲು ಮರೆತಿದ್ದಾನೆಂದು ತಿಳಿಯುತ್ತಿದ್ದವರಿಗೆ ನನ್ನ ಮುಖ ಓದುವುದು ಏನು ಮಹಾ? ಆದರೂ ತಲೆಯಾಡಿಸಿದರು.

ಆ ವಾರ ಬರಲೇ ಇಲ್ಲ. ಇದ್ದ ಎರಡು ಕ್ಯಾಸೆಟ್ಟುಗಳನ್ನೇ ನಾಗಮಂಗಲದವರಿಗೆ ಕಳಿಸಿದ್ದಾಯಿತು. ಒಂದೂವರೆ ತಿಂಗಳ ಮೇಲೆ ಅವರು ಮೇಷ್ಟ್ರನ್ನು ಕರೆಸಿಕೊಂಡರು. ಜೊತೆಗೆ ಬಾ ಎಂದು ಮೇಷ್ಟ್ರಿಂದ ನನಗೂ ಚೀಟಿ ಬಂತು. ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸ್ಕೂಲಿನ ಜಗಲಿಯಲ್ಲಿ ಪಾತ್ರಧಾರಿಗಳೆಲ್ಲ ಸೇರಿದ್ದರು. ಮೇಷ್ಟ್ರು ಕುತ್ತಿಗೆಗೆ ಶಲ್ಯ ಸುತ್ತಿಕೊಂಡು ಪೆಟ್ಟಿಗೆಯ ಮುಂದೆ ಕೂತರು. ಶ್ರುತಿ ಹಿಡಿದರು.

ಗಿರಣಿಯವನು ಶುರು ಮಾಡಿದ. ಕ್ಯಾಸೆಟ್ಟಿನಲ್ಲಿ ಹೇಗಿತ್ತೋ ಹಾಗೇ, ಸಾಲಿಗೆ ಸಾಲು ಅಂಟಿಸಿಕೊಂಡು, ಎಲ್ಲೂ ಉಸಿರೆಳೆಯದೆ ಹಾಡಿದ. ಮುಖ ಕೆಂಪಾಯಿತು. ಐದನೆಯ ಸಾಲಿಗೆ ಉಸಿರೂ ಹೋಯಿತು, ಮಾತೂ ಹೋಯಿತು. ಅಭ್ಯಾಸಬಲದಿಂದ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರೂ ಅಭ್ಯಾಸಬಲದಿಂದ ಬಾಯಿ ತೆರೆದರು. ಬರೀ ಗಾಳಿ ಬಂತು. ಅದೂ ಬಾಯಿಂದಲ್ಲ, ಶಲ್ಯದ ಕೆಳಗೆ ಡಾಕ್ಟರು ಕುತ್ತಿಗೆಯಲ್ಲಿ ಮಾಡಿದ್ದ ತೂತಿನಿಂದ ಸುಯ್ ಎಂದಿತು. ಅವರು ಆ ಸಾಲನ್ನು ಪೆಟ್ಟಿಗೆಯ ಮೇಲೆ ನುಡಿಸಿದರು. ಮತ್ತೊಮ್ಮೆ ನುಡಿಸಿದರು. ಮೂರನೆಯ ಸಲ ಮನೆ ಮುರಿಯುವಂತೆ ಒತ್ತಿ ನುಡಿಸಿದರು. ಮಟ್ಟು ಕೇಳಿಸುತ್ತಿತ್ತು, ಮಾತು ಹೊಳೆಯುತ್ತಿರಲಿಲ್ಲ. ಅವನು ಗದೆಯನ್ನು ಊರಿಕೊಂಡು ನಿಂತೇ ಇದ್ದ.

ಆ ಊರಿನ ಯಜಮಾನರೊಬ್ಬರು ಎದ್ದು, ನೊಂದುಕೊಂಡೇ ಹೇಳಿದರು: "ತೆಪ್ ತಿಳೀಬ್ಯಾಡಿ ಮೇಷ್ಟ್ರೇ. ಕ್ಯಾಸೆಟ್ನಲ್ಲಿ ಬರೀ ಪದ ಅವೆ, ಪಾಠನೇ ಇಲ್ವಲ್ಲ. ಎಲ್ ನಿಲ್ಬೇಕು, ಎಲ್ ಎತ್ಕೋಬೇಕು, ಒಂದೂ ಏಳಿಲ್ವಲ್ಲ ನೀವು. ಮೊದ್ಲಾದ್ರೆ ಇಂಗೆಲ್ಲ ಮಾಡ್ತಿರ್ಲಿಲ್ಲ."

ನಾನು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದೆ. ಮೇಷ್ಟ್ರು ನನ್ನ ಕಡೆ ನೋಡಲೇ ಇಲ್ಲ. ಸ್ಲೇಟು ತೆಗೆದುಕೊಂಡು ನಿಧಾನವಾಗಿ ಬರೆದು ಗಿರಣಿಯವನ ಕೈಗೆ ಕೊಟ್ಟರು. ಅವನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ: "ಅಂದು ನನ್ನ ಕಂಠ ಕೆಟ್ಟಿತ್ತು. ಪಾಠ ಹೇಳಲು ನನ್ನಿಂದ ಆಗಲಿಲ್ಲ. ತಪ್ಪು ನನ್ನದು."

ಅದೇ ಗಳಿಗೆ. ಇಲ್ಲ, ಅವರು ಹೇಳಿದ್ದರು, ನಾನು ಕತ್ತರಿಸಿದೆ ಎಂಬ ಒಂದು ಮಾತು ನನ್ನ ಬಾಯಿಂದ ಬರಬೇಕಿತ್ತು. ನನ್ನ ಗಂಟಲಿಗೆ ಏನೂ ಆಗಿರಲಿಲ್ಲ. ಸುಮ್ಮನೆ ನಿಂತಿದ್ದೆ.

ಅದಾದ ಮೇಲೆ ಆ ಊರಿನವರು ಕೆ.ಆರ್. ಪೇಟೆಯ ಕಡೆಯ ಇನ್ನೊಬ್ಬ ಮೇಷ್ಟ್ರಿಗೆ ವೀಳ್ಯ ಕೊಟ್ಟರು. ನಮ್ಮ ಸೀಮೆಯಲ್ಲಿ ಇಂಥ ಸುದ್ದಿ ಬಸ್ಸಿಗಿಂತ ಮುಂಚೆ ಊರು ತಲುಪುತ್ತದೆ. ಇವರು ಕೊನೆಕೊನೆಗೆ ಪಾಠವನ್ನೇ ಮರೆತರು, ವೀಳ್ಯ ತೆಗೆದುಕೊಂಡು ಕೈಕೊಟ್ಟರು ಎಂದು ಜನ ಆಡಿಕೊಂಡರು. ದನಿ ಹೋದ ಮೇಷ್ಟ್ರನ್ನು ಬರೀ ಪೆಟ್ಟಿಗೆ ನುಡಿಸಲಿಕ್ಕಾದರೂ ಕರೆಯಬಹುದಿತ್ತು, ಯಾರೂ ಕರೆಯಲಿಲ್ಲ. ನಾನು ಕಂಪನಿಗಳಿಗೆ ಕಳಿಸಿದ ಕ್ಯಾಸೆಟ್ಟುಗಳೂ ಒಂದೊಂದಾಗಿ ವಾಪಸ್ಸು ಬಂದವು. ಒಂದು ಕಡೆಯವರು ಬರೆದಿದ್ದರು, ಗಾಯನ ಶುದ್ಧವಾಗಿದೆ, ಆದರೆ ಜೀವ ಸಾಲದು ಎಂದು.

ಅವರನ್ನು ಕಂಡರೆ ತಪ್ಪಿಸಿಕೊಳ್ಳತೊಡಗಿದೆ. ಒಮ್ಮೆ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಅವರು ದೂರದಿಂದ ಕೈಯೆತ್ತಿದರು. ಕೂಗಲು ಅವರಿಗೆ ದನಿಯಿಲ್ಲ ಎಂಬ ಧೈರ್ಯದ ಮೇಲೆ, ಕಾಣದವನ ಹಾಗೆ ಮೈಸೂರಿನ ಬಸ್ಸಿನ ಹಿಂದೆ ಸರಿದುಬಿಟ್ಟೆ. ನಾನು ಮಾಡಿದ್ದರಲ್ಲೆಲ್ಲ ಅತ್ಯಂತ ಹೀನವಾದದ್ದು ಇದೇ ಎಂದು ಕೆಲವು ಸಲ ಅನ್ನಿಸುತ್ತದೆ.

ತಬಲದವರು ಸುದ್ದಿ ಹೇಳಿದ ಮೇಲಿನ ಭಾನುವಾರ ಅವರ ಊರಿಗೆ ಹೋದೆ. ಅವರ ಹೆಂಡತಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನನ್ನನ್ನು ಎರಡು ಮೂರು ಸಲವಷ್ಟೇ ನೋಡಿದ್ದವರು. ಗುರುತು ಹೇಳಿದೆ. "ಓ, ಕಂಪೂಟ್ರು ಮಡಗಿರೋ ಅಪ್ಪ ಅಲ್ವಾ? ದನಿ ಇದ್ದಾಗ ನಿಮ್ ಇಚಾರನೇ ಏಳೋರು. ಬಾ ಕೂತ್ಕೊ" ಎಂದು ಚಾಪೆ ಹಾಸಿದರು. ಪೆಟ್ಟಿಗೆ ಒಳಗಡೆ ಕಂಬಳಿ ಹೊದ್ದು ಕೂತಿತ್ತು. ನಾನೂ ನಾಲ್ಕು ಕಾಯಿ ಸುಲಿದೆ. ಆಕೆಯೇ ಮಾತಾಡಿದರು.

"ಮೂರ್ ತಾಲ್ಲೂಕ್ಗೆ ಮಾತ್ ಕಲ್ಸ್ದೋರು ಕಣಪ್ಪ. ಕೊನೇಗೆ ಎರಡ್ ವರ್ಸ ನನ್ ಕುಟ್ಟೆ ಬಳಪ ಇಡ್ಕಂಡೇ ಮಾತಾಡುದ್ರು. ನಂಗ್ ಓದಾಕ್ ಬರಾಕಿಲ್ಲ. ಅದ್ ಗೊತ್ತಿದ್ರೂವೆ ಬರ್ದು ಬರ್ದು ತೋರ್ಸೋರು. ನಾನು ಊಂ ಅಂತಿದ್ದೆ. ಏನ್ ಬರುದ್ರೋ, ನಾನೇನಕ್ಕೆ ಊಂ ಅಂದ್ನೋ, ದೇವ್ರೇ ಬಲ್ಲ."

ನಾನು ಚೀಲದಿಂದ ಎರಡೂ ಕ್ಯಾಸೆಟ್ಟು ತೆಗೆದು ಮುಂದಿಟ್ಟೆ. ಮೇಷ್ಟ್ರ ದನಿ ಇದೆ ಇದರಲ್ಲಿ, ನಿಮಗೇ ಇರಲಿ ಅವ್ವಾ ಎಂದೆ. ಆಕೆ ಕೈ ಒರೆಸಿಕೊಂಡು ಒಂದನ್ನು ಎತ್ತಿಕೊಂಡು ತಿರುಗಿಸಿ ನೋಡಿದರು.

"ಪದ್ಗಳಾ?"

"ಹೂಂ ಅವ್ವಾ."

"ಪದ ಬ್ಯಾಡ ಕಣಪ್ಪ. ಅವು ಎಲ್ಲಾರ್ ಬಾಯಲ್ಲೂ ಅವೆ, ಯಾವೂರ್ಗೋದ್ರೂ ಕೇಳ್ಬೋದು. ಅವ್ರು ಸುಮ್ಕೆ ಮಾತಾಡಿರಾದು ಏನಾರ ಅದಾ ನಿನ್ ತಾವು? ಬಯ್ದಿರಾದು, ಕೆಮ್ಮಿರಾದು, ಏನಾದ್ರೂವೆ. ಮೂರ್ ಭಾನ್ವಾರ ಕೂತಿದ್ರಲ್ಲ ನಿಮ್ಮನೇಲಿ?"

ಬಾಯಿ ತೆರೆದೆ. ಈ ಸಲ ಹೇಳಿಯೇ ಬಿಡುತ್ತೇನೆ ಎಂದುಕೊಂಡೆ.

"ಅದೆಲ್ಲ ಮಿಷನ್ನಲ್ಲಿ ಹಾಳಾಗೋಯ್ತು ಅವ್ವಾ" ಎಂದೆ.

"ಓಗ್ಲಿ ಬುಡಪ್ಪ. ಮಿಷನ್ಗೇನ್ ಗೊತ್ತು" ಎಂದು ಆಕೆ ಒಳಗೆ ಹೋಗಿ ತಟ್ಟೆ ತಂದರು. ಮುದ್ದೆ, ಅವರೆಕಾಳಿನ ಸಾರು. ಬೇಡವೆನ್ನಲಾಗಲಿಲ್ಲ. ಉಂಡು, ಕೈ ತೊಳೆದು, ಎರಡು ಗಂಟೆಯ ಬಸ್ಸಿಗೆ ವಾಪಸ್ಸು ಬಂದೆ.

ಅಲ್ಲಿ ಹೇಳಲಾಗದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಒಂದು ಮಾತನ್ನೂ ತೆಗೆದಿಲ್ಲ. ಓದಿದವರು ಇಷ್ಟನ್ನು ಒಪ್ಪಿಕೊಳ್ಳಲು ಧೈರ್ಯ ಬೇಕು ಎಂದಾರು. ಹಾಗೇನೂ ಇಲ್ಲ. ಇದನ್ನು ಯಾರ ಎದುರಿಗೆ ಹೇಳಬೇಕಿತ್ತೋ ಅವರಿಗೆ ಓದಲು ಬರುವುದಿಲ್ಲ.